ಅವ್ವನ ಕೈ, ಇಲಿಯ ಕಾಲು

ಬೀದರಿನ ಪ್ರಯೋಗಾಲಯದಲ್ಲಿ ನನ್ನ ದಿನ ಶುರುವಾಗುವುದೇ ಇಲಿಗಳ ಕಾಲು ನೋಡುವುದರಿಂದ. ಮನುಷ್ಯರ ಒಂದು ವಂಶವಾಹಿಯನ್ನು ಸೇರಿಸಿ ಬೆಳೆಸಿದ ಇಲಿಗಳಿವು. ದೊಡ್ಡವಾಗುತ್ತ ಇವುಗಳ ಕೀಲುಗಳು ಬಾತು ಕೆಂಪಾಗುತ್ತವೆ, ಕಾಲು ಸೊಟ್ಟಗಾಗುತ್ತವೆ. ಹೊಸ ಮದ್ದು ಈ ಉರಿಯೂತವನ್ನು ಇಳಿಸುತ್ತದೆಯೇ ಎಂದು ನೋಡುವುದು ನಮ್ಮ ಕೆಲಸ. ಕಾಲು ಬಾತ ಇಲಿ ಪಂಜರದ ಮೇಲಿನ ಜಾಲರಿಯಲ್ಲಿರುವ ಆಹಾರವನ್ನು ಎಳೆದುಕೊಳ್ಳಲಾರದು. ಅದಕ್ಕೇ ಆಹಾರವನ್ನು ನೆನೆಸಿ, ಮೆತ್ತಗೆ ಮಾಡಿ, ಬಾಯಿಗೆ ಸಿಗುವಂತೆ ಕೆಳಗಿಡಬೇಕು. ಮರೆತರೆ ಮೇಲಿನವರು ನನ್ನ ಜೀವ ಹಿಂಡುತ್ತಾರೆ.

ಠಾಣಾ ಕುಶನೂರಿನಲ್ಲಿರುವ ನನ್ನ ಅವ್ವನಿಗೂ ಇದೇ ರೋಗ. ಬೆಳಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ. ಬೀದರಿಗೆ ಕರೆದೊಯ್ದು ಡಾಕ್ಟರಿಗೆ ತೋರಿಸುತ್ತೇನೆ ಎಂದಾಗಲೆಲ್ಲ ಅಪ್ಪನದು ಒಂದೇ ರಾಗ.

"ತೊಗರಿ ರಾಶಿ ಆಗ್ಲಿ, ಆಮ್ಯಾಲ ನೋಡೋಣು."

ರಾಶಿಯಾಗುತ್ತದೆ, ಮತ್ತೊಂದು ಕೆಲಸ ಬರುತ್ತದೆ. ಅವ್ವನ ಸರದಿ ಮಾತ್ರ ಬರುವುದಿಲ್ಲ.

ಎಳ್ಳಮಾವಾಸ್ಯೆಗೆ ಊರಿಗೆ ಹೋದೆ. ಅಂದು ನೆಂಟರನ್ನೆಲ್ಲ ಹೊಲಕ್ಕೆ ಕರೆದು ಸಜ್ಜೆ ರೊಟ್ಟಿ, ಕಾಳು-ಸೊಪ್ಪು ಬೇಯಿಸಿ ಮಾಡಿದ ಭಜ್ಜಿ, ಅಂಬಲಿ ಉಣಿಸಬೇಕು. ಭಾಲ್ಕಿಯಲ್ಲಿ ರೊಟ್ಟಿ ಮಾಡಿ ಮಾರುತ್ತಾರೆ, ತರುತ್ತೇನೆ ಎಂದೆ.

"ಹಬ್ಬಕ್ಕ ಕೊಂಡ ರೊಟ್ಟಿ ಬಡಸ್ತಾರೇನು? ಮಂದಿ ಏನಂತಾರ?" ಎಂದು ಅಪ್ಪ ಸಿಡುಕಿದ.

ಅವ್ವನ ಬದಲು ನಾನೇ ರೊಟ್ಟಿ ಬಡಿಯಲು ಕೂತೆ. ನನ್ನ ರೊಟ್ಟಿಗಳು ಹಂಚು ಮುಟ್ಟುವ ಮೊದಲೇ ಹರಿದವು. ಕೊನೆಗೆ ಅವ್ವನೇ ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಬಡಿದಳು.

ಹೊಲದಲ್ಲಿ ಪಂಕ್ತಿ ಕೂತಾಗ ಅಪ್ಪನ ತಮ್ಮ, ನಮ್ಮ ಕಾಕಾ, ರೊಟ್ಟಿ ಎತ್ತಿ ಹಿಡಿದು ಅವ್ವನನ್ನು ಕೇಳಿದ.

"ಯಾಕ್ರಿ ವೈನಿ, ಈ ಸಲ ರೊಟ್ಟಿ ದಪ್ಪ ಆಗ್ಯಾವಲ್ಲ?"

ಎಲ್ಲರೂ ನಕ್ಕರು.

"ಆಕಿ ಕೈ ನೋಡ್ರಿ ಕಾಕಾ" ಎಂದೆ. ಯಾರೂ ನೋಡಲಿಲ್ಲ, ಅವರಿಗೆ ಭಜ್ಜಿ ಇನ್ನಷ್ಟು ಬೇಕಿತ್ತು.

ಎಲ್ಲರಿಗೂ ಬಡಿಸಿ ಅವ್ವ ಕೊನೆಗೆ ಉಣ್ಣಲು ಕೂತಳು. ಗಟ್ಟಿ ರೊಟ್ಟಿ ಅವಳಿಂದ ಮುರಿಯಲಾಗಲಿಲ್ಲ. ನಾನು ಅದನ್ನು ಪುಡಿ ಮಾಡಿ, ಅಂಬಲಿಯಲ್ಲಿ ನೆನೆಸಿ, ಅವಳ ಮುಂದಿಟ್ಟೆ.

"ಇದನ್ಯಾರು ಕಲಿಸಿದ್ರು ನಿನಗ?"

"ಕಾಲು ಬಾತ ಇಲಿಗೆ ಹಿಂಗ ಮಾಡ್ತೀವಿ ಅವ್ವ."

ಅವಳು ಒಂದು ತುತ್ತು ನುಂಗಿ, "ಅವುಕ್ಕಾದರ ನೋವು-ಬ್ಯಾನಿ ಅದ ಅಂತ ತಿಳಿಯೋರು ಇದ್ದಾರಲ್ಲ" ಎಂದಳು.

ಅಷ್ಟರಲ್ಲಿ ಕೈತೊಳೆದು ಬಂದ ಅಪ್ಪ, "ನೆಂಟರು ಇವತ್ತ ಉಳೀತಾರ. ಲಗೂ ಮನಿಗೆ ನಡಿ, ಬಿಸಿ ರೊಟ್ಟಿ ಬಡಿಬೇಕು" ಎಂದು ಅವ್ವನಿಗೆ ಹೇಳಿದ.

ತಾಟಿನಲ್ಲಿ ಇನ್ನೂ ಅರ್ಧ ಇತ್ತು. ಅವ್ವ ಅಂಗೈಯನ್ನು ನೆಲಕ್ಕೂರಿ ಏಳಲು ಹೋಗಿ, ನೋವಿಗೆ ಚೀರಿದಳು. ಎಲ್ಲರೂ ತಿರುಗಿ ನೋಡಿದರು.

"ಏನಾತು ಈಕಿಗಿ?" ಎಂದು ಅಪ್ಪ ನನ್ನನ್ನು ಕೇಳಿದ.