ಸಣ್ಣ ಗ್ಯಾಲನ್ನಿನ ಪಂಪು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಲೀಟರಕ್ಕ ಈಜುಕೊಳದ ಪಂಪಿನ ಕೋಣೆಯಲ್ಲಿ, ಇನ್ನೂರು ಲೀಟರಿನ ಡ್ರಮ್ಮಿನ ಮುಂದೆ ಸ್ಟಾಪ್‌ವಾಚ್ ಹಿಡಿದು ನಿಂತಿದ್ದಳು. ಹೊಸದಾಗಿ ಕೂರಿಸಿದ ನೀಲಿ ಪಂಪಿನಿಂದ ಹೊರಟ ದಪ್ಪ ಕೊಳವೆ ಡ್ರಮ್ಮಿನೊಳಕ್ಕೆ ಬಾಗಿತ್ತು. ನೀರು ಗುರುತಿನ ಗೆರೆ ಮುಟ್ಟಿದ ಕೂಡಲೇ ಗುಂಡಿ ಒತ್ತಿದಳು. ಇಪ್ಪತ್ತನಾಲ್ಕು ಸೆಕೆಂಡಿನಲ್ಲಿ ತುಂಬಬೇಕಿತ್ತು. ಗಡಿಯಾರ ಇಪ್ಪತ್ತೆಂಟು ಪಾಯಿಂಟ್ ಎಂಟು ತೋರಿಸಿತು.

ಡ್ರಮ್ಮು ಖಾಲಿ ಮಾಡಿ ಮತ್ತೆ ತುಂಬಿಸಿದಳು. ಅಷ್ಟೇ ಬಂತು. ಜರಡಿ ಬಿಚ್ಚಿ ನೋಡಿದಳು. ಅದರಲ್ಲಿ ಒಂದು ಎಲೆಯೂ ಇರಲಿಲ್ಲ. ವಾಲ್ವು ಪೂರ್ತಿ ತೆರೆದಿತ್ತು. ಮೋಟಾರು ಸರಿಯಾದ ದಿಕ್ಕಿಗೇ ತಿರುಗುತ್ತಿತ್ತು. ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ಕಾದಳು. ಎಲ್ಲಿಂದಲೂ ಗಾಳಿ ಎಳೆಯುತ್ತಿರಲಿಲ್ಲ. ಪಂಪು ಯಾವ ತಕರಾರೂ ಇಲ್ಲದೆ ಗುಂಯ್ ಎನ್ನುತ್ತಿತ್ತು. ತಕರಾರಿರುವ ಪಂಪಾದರೆ ಅವಳಿಗೆ ಚಿಂತೆಯೇ ಇರುತ್ತಿರಲಿಲ್ಲ. ಆರೋಗ್ಯವಾಗಿದ್ದೂ ಕಡಿಮೆ ನೀರು ಕೊಡುವ ಪಂಪಿಗೆ ಏನು ಔಷಧ ಮಾಡುವುದು?

ಲೀಟರಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಅವಳ ಅಪ್ಪ ಪಂಪು ರಿಪೇರಿ ಮಾಡುತ್ತಿದ್ದರು. ಭುಜ ಕೈಕೊಟ್ಟ ಮೇಲೆ ಅವರು ಷೆಡ್ಡಿನ ಬೀಗದ ಕೈಯನ್ನು ಮಗಳಿಗೆ ಒಪ್ಪಿಸಿ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಅವಳು ಮಾಡಿದ್ದಕ್ಕೆಲ್ಲ ತಪ್ಪು ಹುಡುಕುತ್ತ ಸುಖವಾಗಿದ್ದರು. ಷೆಡ್ಡಿಗೆ ಪಂಪುಗಳು ಬಗೆಬಗೆಯ ಲೆಕ್ಕ ಹೊತ್ತು ಬರುತ್ತಿದ್ದವು. ಒಂದರ ಮೇಲೆ ನಿಮಿಷಕ್ಕೆ ಇಷ್ಟು ಗ್ಯಾಲನ್, ಇನ್ನೊಂದರ ಮೇಲೆ ಗಂಟೆಗೆ ಇಷ್ಟು ಘನ ಮೀಟರ್, ಮತ್ತೊಂದರ ಮೇಲೆ ಸೆಕೆಂಡಿಗೆ ಇಷ್ಟು ಘನ ಅಡಿ. ಯಾರು ಏನೇ ಹೇಳಲಿ, ಅವಳು ಕಣ್ಣು ಮುಚ್ಚಿ ತೆರೆಯುವುದರೊಳಗೆ ಅದನ್ನು ನಿಮಿಷಕ್ಕೆ ಎಷ್ಟು ಲೀಟರ್ ಎಂದು ತಿರುಗಿಸಿ ಕೊಡುತ್ತಿದ್ದಳು. ಕೇಳದಿದ್ದರೂ ಕೊಡುತ್ತಿದ್ದಳು. ನೆರೆಮನೆಗೆ ಹೋಗಿ ಕೈ ತೊಳೆದರೆ, "ನಿಮ್ಮ ನಲ್ಲಿ ಆರು ಲೀಟರ್ ಬರ್ತಿದೆ, ವಾಷರ್ ಹೋಗಿದೆ" ಎಂದು ಹೇಳದೆ ಟವೆಲ್ಲು ಮುಟ್ಟಿದವಳಲ್ಲ.

ಷೆಡ್ಡಿನ ಗೋಡೆಯ ಮೇಲೆ ಎರಡಡಿ ಎತ್ತರದ ಕೆಂಪು ಅಕ್ಷರಗಳಲ್ಲಿ 'ಮೊದಲು ಕೇಳಿ: ಯಾವ ಗ್ಯಾಲನ್?' ಎಂದು ಬರೆದಿತ್ತು. ಗ್ಯಾಲನ್ನುಗಳಲ್ಲಿ ಎರಡು ಜಾತಿ. ದೊಡ್ಡದು ನಾಲ್ಕು ಲೀಟರ್ ಮೇಲೆ ಐನೂರ ನಲವತ್ತಾರು ಮಿಲಿಲೀಟರ್. ಸಣ್ಣದು ಮೂರು ಲೀಟರ್ ಮೇಲೆ ಏಳುನೂರ ಎಂಬತ್ತೈದು. ಒಂದೇ ಹೆಸರಿಟ್ಟುಕೊಂಡು ಓಡಾಡುವ ಇವೆರಡನ್ನು ಗೊಂದಲ ಮಾಡಿಕೊಂಡವರನ್ನು ಲೀಟರಕ್ಕ ಆ ಗೋಡೆಯ ಮುಂದೆ ನಿಲ್ಲಿಸಿ ಓದಿಸುತ್ತಿದ್ದಳು. ಅಕ್ಷರ ಬರೆದವನು ಅವಳ ಗಂಡ. ಅವನು ಬಣ್ಣದ ಕೆಲಸದವನು. ಷೆಡ್ಡಿಗೆ ಬಂದ ಯಾವ ಪಂಪೂ ಅವನ ಕೈಯ ನೀಲಿ ಬಣ್ಣ ಬೀಳದೆ ಹೊರಗೆ ಹೋಗುವಂತಿರಲಿಲ್ಲ. ಬಣ್ಣವಿಲ್ಲದ ಪಂಪನ್ನು ನೋಡಿದರೆ ಅವನಿಗೆ ಬರಿಮೈಯಲ್ಲಿ ನಿಂತವರನ್ನು ನೋಡಿದಷ್ಟು ಮುಜುಗರ.

ಈಗ ಡ್ರಮ್ಮಿನ ಮುಂದೆ ಅವಳು ಲೆಕ್ಕವನ್ನು ಹಿಂದಿನಿಂದ ಹಾಕಿದಳು. ಇನ್ನೂರು ಲೀಟರಿಗೆ ಇಪ್ಪತ್ತೆಂಟು ಪಾಯಿಂಟ್ ಎಂಟು ಸೆಕೆಂಡು ಎಂದರೆ ನಿಮಿಷಕ್ಕೆ ನಾನೂರ ಹದಿನಾರು ಲೀಟರ್ ಚಿಲ್ಲರೆ. ಪಂಪಿನ ತಗಡಿನ ಮೇಲಿರುವುದು ನಿಮಿಷಕ್ಕೆ ನೂರ ಹತ್ತು ಗ್ಯಾಲನ್. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಮೂರು ಮುಕ್ಕಾಲರ ಮೇಲೆ ಒಂದಿಷ್ಟು. ಭಾಗಾಕಾರ ಮುಗಿಯುವ ಮೊದಲೇ ಅವಳು ಗುರುತು ಹಿಡಿದಳು. ಚಿಕ್ಕಂದಿನಿಂದ ಬಲ್ಲ ಸಂಖ್ಯೆ ಅದು. ಜೇಬಿನಿಂದ ಮೊಳೆ ತೆಗೆದು, ತಗಡಿನ ಮೇಲೆ ಅಂಕೆಯ ಪಕ್ಕದ ನೀಲಿ ಬಣ್ಣವನ್ನು ಕೆರೆದಳು. ಅಡಿಯಿಂದ ಎರಡು ಪುಟ್ಟ ಅಕ್ಷರಗಳು ಹೊರಬಂದವು. ಸಣ್ಣ ಗ್ಯಾಲನ್ನಿನ ಗುರುತು.

ಗಂಡ ಬಾಗಿಲ ಬಳಿ ಕಂಬಿಗೆ ಬಣ್ಣ ಬಳಿಯುತ್ತಿದ್ದ. ಲೀಟರಕ್ಕ ಕರೆದು ತೋರಿಸಿದಳು.

"ರೀ, ತಗಡಿನ ಮೇಲೆ ಬಣ್ಣ ಹೊಡೀಬೇಡಿ ಅಂತ ಎಷ್ಟು ಸಲ ಹೇಳಿದೀನಿ?"

"ಅಂಕೆ ಬಿಡಿ ಅಂತ ನೀನೇ ಅಂದಿದ್ದೆ, ಟೇಪು ಅಂಟಿಸಿ ಬಿಟ್ಟಿದೀನಿ. ಅಕ್ಷರಾನೂ ಬಿಡಿ ಅಂತ ಹೇಳಿದ್ಯಾ?"

ಅಕ್ಷರದ ಮಾತು ಅವಳು ಹೇಳಿರಲಿಲ್ಲ. ದೋಷ ಬಣ್ಣದ್ದಲ್ಲ ಎಂದು ಅವಳಿಗೂ ಗೊತ್ತಿತ್ತು. ಅಪ್ಪನ ಕಾಲದಿಂದ ಈ ಕಂಪನಿಯ ಪಂಪುಗಳೆಲ್ಲ ದೊಡ್ಡ ಗ್ಯಾಲನ್ನಿನವೇ ಆಗಿದ್ದವು. ನೂರ ಹತ್ತು ಎಂಬುದನ್ನು ಕಂಡ ಕ್ಷಣವೇ ಮನಸ್ಸು ನಾಲ್ಕೂವರೆ ಚಿಲ್ಲರೆಯಿಂದ ಗುಣಿಸಿ, ನಿಮಿಷಕ್ಕೆ ಐನೂರು ಲೀಟರ್ ಎಂದು ಒಪ್ಪಿಸಿಬಿಟ್ಟಿತ್ತು. ಊರಿಗೆಲ್ಲ ಓದಿಸುವ ಗೋಡೆಯನ್ನು ಅವಳೇ ಓದಿರಲಿಲ್ಲ.

ಐನೂರು ಯಾಕೆ ಬೇಕಿತ್ತೆಂದರೆ, ಕೊಳದ ನೀರಷ್ಟೂ ಆರು ಗಂಟೆಯೊಳಗೆ ಒಮ್ಮೆ ಶೋಧಕದ ಮೂಲಕ ಹಾದುಬರಬೇಕು ಎಂಬುದು ನಿಯಮ. ಕೊಳ ಇಪ್ಪತ್ತು ಮೀಟರ್ ಉದ್ದ, ಏಳೂವರೆ ಮೀಟರ್ ಅಗಲ. ಕಲಿಯುವವರಿಗೆಂದೇ ಕಟ್ಟಿದ್ದರಿಂದ ಎಲ್ಲ ಕಡೆಯೂ ಆಳ ಒಂದೇ: ನೂರ ಇಪ್ಪತ್ತು ಸೆಂಟಿಮೀಟರ್. ಒಟ್ಟು ನೂರ ಎಂಬತ್ತು ಸಾವಿರ ಲೀಟರ್. ನಿಮಿಷಕ್ಕೆ ಐನೂರಾದರೆ ಸರಿಯಾಗಿ ಆರು ಗಂಟೆ. ನಾನೂರ ಹದಿನಾರಾದರೆ ಏಳು ಗಂಟೆ ದಾಟುತ್ತದೆ. ಹಳೆಯ ಪಂಪು ಸುಟ್ಟುಹೋದಂದಿನಿಂದ ಕೊಳ ಮುಚ್ಚಿತ್ತು. ಆರೋಗ್ಯ ನಿರೀಕ್ಷಕರು ಮಧ್ಯಾಹ್ನ ಮೂರಕ್ಕೆ ಬರುವವರಿದ್ದರು. ಇವತ್ತು ಒಪ್ಪಿಗೆ ಸಿಗದಿದ್ದರೆ ಅವರು ಮತ್ತೆ ಈ ಕಡೆ ಮುಖ ಹಾಕುವುದು ಬೇಸಿಗೆ ಮುಗಿದ ಮೇಲೆ.

ಕೊಳ ತೆರೆಯುವುದನ್ನು ಕಾಯುತ್ತಿದ್ದವರಲ್ಲಿ ಮೊದಲಿಗರು ಲೀಟರಕ್ಕನ ಅತ್ತೆ. ಮಂಡಿನೋವಿಗೆ ನೀರಿನಲ್ಲಿ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಕಳೆದ ಬೇಸಿಗೆಯಿಡೀ ಅತ್ತೆ ಎರಡೂ ಕೈಯಲ್ಲಿ ಕೊಳದ ಗೋಡೆ ಹಿಡಿದು ಸುತ್ತು ಹಾಕಿದ್ದರು. ಜೊತೆಯವರೆಲ್ಲ ಒಬ್ಬೊಬ್ಬರಾಗಿ ಕೈಬಿಟ್ಟು ತೇಲಿದರೂ ಇವರು ಬಿಟ್ಟಿರಲಿಲ್ಲ. ಅದಕ್ಕೇ ಅವರಿಗೆ ಗೋಡೆಯಜ್ಜಿ ಎಂದು ಹೆಸರು ಬಿದ್ದಿತ್ತು. ಈ ಬೇಸಿಗೆ ಆ ಹೆಸರು ಕಳೆದುಕೊಂಡೇ ತೀರುತ್ತೇನೆಂದು ಅವರು ಬೀದಿಯಲ್ಲೆಲ್ಲ ಸಾರಿಕೊಂಡು ಬಂದಿದ್ದರು. ಮಂಡಿ ಇನ್ನೊಂದು ವರ್ಷ ಕಾಯುವ ಸ್ಥಿತಿಯಲ್ಲಿರಲಿಲ್ಲ. ಅವರು ಅದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಗಂಡ ಬ್ರಷ್ಷಿನ ಹಿಡಿಯಿಂದ ತಲೆ ಕೆರೆದುಕೊಂಡ.

"ನಿರೀಕ್ಷಕರೂ ನಾಲ್ಕೂವರೆಯಿಂದಲೇ ಗುಣಿಸ್ತಾರೆ ಬಿಡು. ಕೆರೆದ ಜಾಗಕ್ಕೆ ಎರಡು ಎಳೆ ಬಣ್ಣ ಎಳೆದರೆ ಆಯ್ತು. ನೀನಾಗಿ ಯಾಕೆ ಬಾಯಿ ಬಿಡ್ತೀಯ?"

"ಆ ನೀರಿಗೆ ಇಳಿಯೋದು ನಿಮ್ಮಮ್ಮ ಕಣ್ರೀ."

ಗಂಡ ಒಂದು ಕ್ಷಣ ಪಂಪನ್ನು ನೋಡಿದ, ಒಂದು ಕ್ಷಣ ಬ್ರಷ್ಷನ್ನು ನೋಡಿದ. "ನಾನು ಏನೂ ಅಂದಿಲ್ಲ ಅಂತ ತಿಳ್ಕೋ" ಎಂದು ಮತ್ತೆ ಕಂಬಿಯ ಕಡೆ ಹೋದ.

ಅಷ್ಟರಲ್ಲಿ ಅತ್ತೆಯೇ ಬಂದರು. ಮೂರು ಗಂಟೆಯ ತಪಾಸಣೆಗೆ ಹನ್ನೊಂದಕ್ಕೇ ಹಾಜರು. ಈಜುವ ಟೋಪಿಯನ್ನು ಮನೆಯಲ್ಲೇ ಹಾಕಿಕೊಂಡು, ಹಾಗೆಯೇ ರಸ್ತೆಯಲ್ಲಿ ನಡೆದು ಬಂದಿದ್ದರು. ಸೊಸೆಯ ಸಪ್ಪೆ ಮುಖ ನೋಡಿ ಏನಾಯಿತೆಂದು ಕೇಳಿದರು. ಲೀಟರಕ್ಕ ಮುಚ್ಚಿಡಲಿಲ್ಲ. ಪಂಪು ತಾನು ಹೇಳಿದಷ್ಟು ದೊಡ್ಡದಲ್ಲ, ತಾನೇ ತಪ್ಪು ಗುಣಿಸಿದೆ, ಈ ಕೊಳಕ್ಕೆ ಇದು ಸಾಲದು ಎಂದಳು. ಅತ್ತೆ ಬೈಯಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಅವರು ಚಪ್ಪಲಿ ಬಿಟ್ಟು ಕೊಳದ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಸೊಸೆಯ ಬದಲು ನೀರನ್ನೇ ತರಾಟೆಗೆ ತೆಗೆದುಕೊಂಡರು.

"ಈ ಹಾಳು ನೀರು ಒಂದು ಗೇಣು ಕಮ್ಮಿ ಇದ್ದಿದ್ರೆ ಹೋದ ವರ್ಷಾನೇ ಗೋಡೆ ಬಿಡ್ತಿದ್ದೆ. ಗದ್ದಕ್ಕೆ ಬಂದು ಕೂತ್ರೆ ಯಾರಿಗಮ್ಮ ಧೈರ್ಯ ಬರುತ್ತೆ?"

ಇದು ಅತ್ತೆಯ ಹಳೆಯ ನೆಪ. ಅವರು ನಿಜಕ್ಕೂ ಕುಳ್ಳಗಿದ್ದರು. ಆದರೂ ಮನೆಯವರು ಆ ಮಾತಿಗೆ ನಗುವುದನ್ನು ಬಿಟ್ಟಿರಲಿಲ್ಲ. ಇವತ್ತು ಲೀಟರಕ್ಕ ನಗಲಿಲ್ಲ. ಜೇಬಿನಿಂದ ಅಳತೆ ಟೇಪು ತೆಗೆದಳು.

"ಅತ್ತೆ, ಎಲ್ಲಿ, ನಿಮ್ಮ ಗೇಣು ಚಾಚಿ."

ಅತ್ತೆ ಅನುಮಾನದಿಂದಲೇ ಕೈ ಚಾಚಿದರು. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಹತ್ತೊಂಬತ್ತು ಸೆಂಟಿಮೀಟರ್.

ಲೀಟರಕ್ಕ ಒದ್ದೆ ನೆಲದ ಮೇಲೆ ಬೆರಳಿನಿಂದ ಗೀಚತೊಡಗಿದಳು. ಪಂಪನ್ನು ಹಿಗ್ಗಿಸಲು ಬರುವುದಿಲ್ಲ, ಕೊಳವನ್ನು ಕುಗ್ಗಿಸಬಹುದು. ಆರು ಗಂಟೆಯಲ್ಲಿ ಈ ಪಂಪು ಶೋಧಿಸುವುದು ನೂರ ಐವತ್ತು ಸಾವಿರ ಲೀಟರ್, ಅದಕ್ಕೆ ನೂರ ಹದಿನಾಲ್ಕು ಲೀಟರ್ ಕಮ್ಮಿ. ಇಪ್ಪತ್ತು ಸೆಂಟಿಮೀಟರ್ ಇಳಿಸಿದರೆ ಕೊಳದಲ್ಲಿ ಉಳಿಯುವುದು ಸರಿಯಾಗಿ ನೂರ ಐವತ್ತು ಸಾವಿರ. ಆ ನೂರ ಹದಿನಾಲ್ಕು ಲೀಟರಿಗಾಗಿ ಒಂದು ಮಿಲಿಮೀಟರ್ ಹೆಚ್ಚು ಇಳಿಸಿದರೂ ಸಾಕು. ಆದರೆ ಕೂದಲೆಳೆಯಲ್ಲಿ ಪಾಸಾಗುವುದು ಅವಳಿಗೆ ಸೇರದು. ಪೂರಾ ಒಂದು ಸೆಂಟಿಮೀಟರ್ ಸೇರಿಸಿದಳು. ಇಳಿಸಬೇಕಾದದ್ದು ಇಪ್ಪತ್ತೊಂದು, ಆಳ ತೊಂಬತ್ತೊಂಬತ್ತು.

"ನಿಮ್ಮ ಗೇಣು ಕೊಟ್ಟೆ ಅತ್ತೆ. ಮೇಲೆ ಎರಡು ಸೆಂಟಿಮೀಟರ್ ಬಡ್ಡಿ."

ಅತ್ತೆ ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಅದೃಷ್ಟಕ್ಕೆ ಈ ಹಳೆಯ ಕೊಳದಲ್ಲಿ ಪಂಪು ನೀರೆಳೆಯುತ್ತಿದ್ದುದು ತಳದ ಜಾಲರಿಯಿಂದ. ಶುದ್ಧವಾದ ನೀರು ಮರಳಿ ಬರುವ ಬಾಯಿಗಳೂ ಮಂಡಿಯ ಎತ್ತರದಲ್ಲೇ ಇದ್ದವು. ಮೇಲಿನ ನೀರು ಇಳಿದರೆ ಯಾವುದಕ್ಕೂ ತೊಂದರೆಯಿಲ್ಲ. ಪಕ್ಕದಲ್ಲೇ ನೆಲದಡಿಯ ತೊಟ್ಟಿ ಅರ್ಧಕ್ಕರ್ಧ ಖಾಲಿಯಿತ್ತು. ಲೀಟರಕ್ಕ ಕೊಳವೆಯನ್ನು ಡ್ರಮ್ಮಿನಿಂದ ತೆಗೆದು ತೊಟ್ಟಿಗೆ ತಿರುಗಿಸಿದಳು. ಮೂವತ್ತೊಂದೂವರೆ ಸಾವಿರ ಲೀಟರ್ ಹೊರಹೋಗಲು ಒಂದೂಕಾಲು ಗಂಟೆ ಹಿಡಿಯುತ್ತದೆ ಎಂದು ಹೇಳಿ, ಅತ್ತೆಯ ಪಕ್ಕ ಕೂತು ಬುತ್ತಿ ಬಿಚ್ಚಿದಳು. ನೀರು ಇಳಿಯುತ್ತ ಹೋದಂತೆ ಗೋಡೆಯ ಮೇಲೆ ಒದ್ದೆ ಪಟ್ಟೆ ಅಗಲವಾಗುತ್ತಿತ್ತು. ಅದು ಒಂದೊಂದು ಬೆರಳು ಅಗಲವಾದಾಗಲೂ ಅತ್ತೆಯ ಬೆನ್ನು ಅಷ್ಟಷ್ಟೇ ನೆಟ್ಟಗಾಗುತ್ತಿತ್ತು.

ಮೂರು ಗಂಟೆಗೆ ನಿರೀಕ್ಷಕರು ಬಂದರು. ಸಣ್ಣ ವಯಸ್ಸು, ತಾಳ್ಮೆಯ ಮುಖ. ಅಷ್ಟು ಹೊತ್ತಿಗೆ ಅತ್ತೆಯ ಗೆಳತಿಯರೆಲ್ಲ ಟವೆಲ್ಲು ಹೊದ್ದುಕೊಂಡು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಅವರೆಲ್ಲರಿಗೂ ಲೀಟರಕ್ಕ ಐನೂರು ಎಂದು ಎದೆ ತಟ್ಟಿ ಹೇಳಿದ್ದಳು. ನಿರೀಕ್ಷಕರು ತಗಡಿನ ಮುಂದೆ ಬಗ್ಗಿ ನೂರ ಹತ್ತು ಎಂದು ಓದುವಷ್ಟರಲ್ಲಿ ಅವಳೇ ಕೆರೆದ ಜಾಗವನ್ನು ಬೆರಳಿಟ್ಟು ತೋರಿಸಿ, ಇದು ಸಣ್ಣ ಗ್ಯಾಲನ್ ಸಾರ್, ನಾನು ದೊಡ್ಡದೆಂದು ತಿಳಿದು ತಂದೆ, ಅದಕ್ಕೇ ನೀರು ಇಳಿಸಿದ್ದೇನೆ ಎಂದಳು. ಅವರು ತಲೆಯೆತ್ತಿ ನಕ್ಕರು. ಇದೇ ಗ್ಯಾಲನ್ನು ಕಾಲೇಜಿನಲ್ಲಿ ತಮ್ಮ ಒಂದು ಪ್ರಶ್ನೆಯ ಅಂಕವನ್ನು ಪೂರ್ತಿ ನುಂಗಿತ್ತು, ಅಂದಿನಿಂದ ತಗಡು ಕಂಡರೆ ಮೊದಲು ಅಕ್ಷರ ಹುಡುಕುತ್ತೇನೆ ಎಂದರು. ಲೀಟರಕ್ಕನಿಗೆ ಅವರನ್ನು ಷೆಡ್ಡಿಗೆ ಕರೆದೊಯ್ದು ಗೋಡೆ ತೋರಿಸುವ ಆಸೆಯಾಯಿತು. ಸದ್ಯ ಬೇಡವೆಂದು ಕೊಳವೆಯನ್ನು ಮತ್ತೆ ಡ್ರಮ್ಮಿಗೆ ತಿರುಗಿಸಿದಳು.

ಅವರು ಡ್ರಮ್ಮನ್ನು ತಮ್ಮ ಗಡಿಯಾರ ಹಿಡಿದೇ ತುಂಬಿಸಿದರು. ಆಳವನ್ನು ನಾಲ್ಕು ಮೂಲೆಯಲ್ಲೂ ಅಳೆದರು. ತಮ್ಮದೇ ಲೆಕ್ಕ ಹಾಕಿ, ಆರು ಗಂಟೆಗೆ ಇನ್ನೂ ಮೂರು ನಿಮಿಷ ಇರುವಾಗಲೇ ನೀರು ಒಂದು ಸುತ್ತು ಮುಗಿಸುತ್ತದೆ, ಒಪ್ಪಿಗೆ ಎಂದರು. ಒಂದೇ ಷರತ್ತು: ತೊಂಬತ್ತೊಂಬತ್ತಕ್ಕೆ ಗೆರೆ ಎಳೆಯಬೇಕು, ನೀರು ಅದನ್ನು ದಾಟಬಾರದು. ಮಾತು ಮುಗಿಯುವ ಮೊದಲೇ ಗಂಡ ಬ್ರಷ್ಷು ಹಿಡಿದು ಅಂಚಿನಲ್ಲಿ ಮಂಡಿಯೂರಿದ್ದ. ಗೆರೆ ಎಳೆಯುವ ಮೊದಲು ಇನ್ನು ಬೇರೇನಾದರೂ ಬಿಡಬೇಕಾ ಎಂದು ಹೆಂಡತಿಯನ್ನು ಎರಡೆರಡು ಸಲ ಕೇಳಿಕೊಂಡ.

ಒಬ್ಬರು ಇಳಿದು ನಿಂತರೆ ನೀರು ಎಲ್ಲಿಗೆ ಬರುತ್ತದೆಂದು ನೋಡಬಹುದು ಎಂದರು ನಿರೀಕ್ಷಕರು. ಯಾರು ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಅತ್ತೆ ಆಗಲೇ ಮೆಟ್ಟಿಲಿಳಿಯುತ್ತಿದ್ದರು. ನೀರು ಅವರ ಕಂಕುಳಿಗೆ ಬಂದು ನಿಂತಿತು. ಅಭ್ಯಾಸಬಲದಿಂದ ಎರಡೂ ಕೈ ಗೋಡೆ ಹಿಡಿದವು. ಅವರು ಗದ್ದ ತಗ್ಗಿಸಿ ನೀರನ್ನು ನೋಡಿದರು. ಗದ್ದಕ್ಕೂ ನೀರಿಗೂ ನಡುವೆ ಅವರದೇ ಒಂದು ಗೇಣು ಖಾಲಿ ಇತ್ತು.

ಒಂದು ಕೈ ಬಿಟ್ಟಿತು. ಬೆಂಚಿನ ಮೇಲಿನ ಗೆಳತಿಯರು ಮುಂದಕ್ಕೆ ಬಾಗಿದರು.

ನಿರೀಕ್ಷಕರು ಕೊಳಕ್ಕೆ ಬೆನ್ನು ಮಾಡಿ ಬರೆಯುತ್ತಿದ್ದರು. ನೀರಿನ ಹರಿವು ಎಷ್ಟೆಂಬುದನ್ನು ಪಂಪು ಕೂರಿಸಿದವರೇ ಹೇಳಬೇಕು, ನಾನು ಬರೆದುಕೊಳ್ಳುತ್ತೇನೆ ಎಂದರು. ಲೀಟರಕ್ಕ ಕೊಳದ ಅಂಚಿಗೆ ಎರಡು ಹೆಜ್ಜೆ ಇಟ್ಟಿದ್ದಳು. ಎರಡನೆಯ ಕೈಯೂ ಗೋಡೆ ಬಿಟ್ಟಿತ್ತು. ಅತ್ತೆ ಹಿಂದಕ್ಕೆ ವಾಲಿದರು. ಕಾಲು ತಳ ಬಿಟ್ಟು ಮೇಲೆ ಬಂತು, ಹೊಟ್ಟೆ ಮೇಲೆ ಬಂತು, ಟೋಪಿಯ ತಲೆ ನೀರಿನ ಮೇಲೆ ಮಲಗಿತು. ಗೋಡೆಯಜ್ಜಿ ಗೋಡೆಯಿಂದ ಒಂದು ಮಾರು ದೂರದಲ್ಲಿ, ಚಾವಣಿಯನ್ನು ನೋಡುತ್ತ, ಬಾಯಿ ತುಂಬ ನಗುತ್ತ ತೇಲುತ್ತಿದ್ದರು.

ಬೆಂಚಿನವರ ಚಪ್ಪಾಳೆಗೆ ಕೊಳದ ಹಜಾರವೇ ಗುಡುಗಿತು. ಗಂಡ ಅರ್ಧ ಎಳೆದ ಗೆರೆಯನ್ನು ಅಲ್ಲಿಗೇ ಬಿಟ್ಟು ಎದ್ದು ನಿಂತಿದ್ದ. ಆ ಗದ್ದಲದಲ್ಲಿ ನಿರೀಕ್ಷಕರು ಕಿವಿಗೆ ಕೈ ಅಡ್ಡ ಹಿಡಿದು, ಎಷ್ಟು ಎಂದು ಇನ್ನೊಮ್ಮೆ ಕೇಳಿದರು. ಲೀಟರಕ್ಕ ಅತ್ತೆಯ ಮೇಲಿಂದ ಕಣ್ಣು ಕೀಳದೆ, ಬೆಂಚಿನ ಕೊನೆಯವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

"ನಿಮಿಷಕ್ಕೆ ನಾನೂರ ಹದಿನಾರು ಲೀಟರ್."