ಮೂವತ್ತೊಂದನೇ ಬಾವಿಯ ಬಾಟಲಿ

ಬಾಟಲಿ ತೊಳೆಯುವುದೂ ಒಂದು ವಿದ್ಯೆಯೇ ಎಂದು ಮೂಗು ಮುರಿಯುವವರು ಅಂತರ್ಜಲ ಕಚೇರಿಯ ಪ್ರಯೋಗಾಲಯದ ಹಿಂದಿನ ಕೋಣೆಗೆ ಒಮ್ಮೆ ಬಂದು ನೋಡಬೇಕಿತ್ತು. ಅಲ್ಲಿ ಇಪ್ಪತ್ತಾರು ವರ್ಷ ಬಾಟಲಿ ತೊಳೆದವಳಿಗೆ ಬಾಟಲಕ್ಕ ಎಂದೇ ಹೆಸರು ಬಿದ್ದಿತ್ತು. ಬಾಟಲಿಗೆ ಸೋಪು ಮುಟ್ಟಿಸುವಂತಿಲ್ಲ. ಭಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ ತೊಳೆದು ಬೋರಲು ಹಾಕಿ ಒಣಗಿಸಬೇಕು. ಬಾವಿಯ ಹತ್ತಿರ ಹೋದ ಮೇಲಾದರೂ ಸುಮ್ಮನೆ ತುಂಬಿಸಿಕೊಂಡು ಬರುವಂತಿದೆಯೇ? ಕೊಳವೆಯಲ್ಲಿ ನಿಂತು ಹಳಸಿದ ನೀರು ಹೋಗಿ ನೆಲದೊಳಗಿನ ಹೊಸ ನೀರು ಬರುವವರೆಗೆ ಪಂಪು ಹೊಡೆಯಬೇಕು. ಅದೇ ನೀರಿನಲ್ಲಿ ಬಾಟಲಿಯನ್ನು ಮತ್ತೆ ಮೂರು ಸಲ ಗಲಬರಿಸಿ, ಒಂದು ಗುಳ್ಳೆಯೂ ನಿಲ್ಲದಂತೆ ಕಂಠಪೂರ್ತಿ ತುಂಬಿಸಿ, ಬಾವಿಯ ನಂಬರು ಅಂಟಿಸಿ, ಐಸ್ ಪೆಟ್ಟಿಗೆಯಲ್ಲಿ ನಿಲ್ಲಿಸಬೇಕು.

"ಅಕ್ಕಾ, ನಿಮ್ ಬಾಟ್ಲಿಗೆ ಆಗೋ ಸ್ನಾನ ನಮ್ ಮನೇಲಿ ಮನುಷ್ಯರಿಗೂ ಆಗಲ್ಲ" ಎಂದು ಜೀಪಿನ ಡ್ರೈವರ್ ಛೇಡಿಸುತ್ತಿದ್ದ.

"ಮನುಷ್ಯರನ್ನ ಯಾರೂ ಪರೀಕ್ಷೆಗೆ ಕಳಿಸಲ್ಲಪ್ಪಾ, ಅದಕ್ಕೇ" ಎಂದು ಇವಳೂ ಬಿಡುತ್ತಿರಲಿಲ್ಲ.

ಆ ವರ್ಷ ಕಚೇರಿ ನಲವತ್ತು ಬಾವಿಗಳ ನೀರನ್ನು ಪರೀಕ್ಷಿಸಿ ಇಡೀ ಪ್ರದೇಶದ ಕುಡಿಯುವ ನೀರಿನ ಬಗ್ಗೆ ವರದಿ ಮಾಡಬೇಕಿತ್ತು. ನಲವತ್ತರಲ್ಲಿ ಮೂವತ್ತೊಂಬತ್ತು ತಕರಾರಿಲ್ಲದೆ ಪಾಸಾದವು. ಮೂವತ್ತೊಂದನೇ ಬಾವಿಯ ಸರದಿ ಬಂದಾಗ ಯಂತ್ರದ ಪರದೆಯ ಮೇಲೆ ನೂರನಲವತ್ತು ಎಂದು ಬಂತು. ಹೊಲಸಿನಿಂದ ನೀರಿಗೆ ಇಳಿಯುವ ನೈಟ್ರೇಟ್ ಎಂಬ ಲವಣ ಲೀಟರಿಗೆ ನಲವತ್ತೈದು ಮಿಲಿಗ್ರಾಂ ದಾಟಬಾರದು. ಬಾಟಲಕ್ಕ ಆಗ ಯಂತ್ರದ ಪಕ್ಕದಲ್ಲೇ ನಿಂತಿದ್ದಳು. ಆ ಬಾವಿ ಯಾವ ಬೀದಿಯದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒತ್ತೊತ್ತಾಗಿ ಕಟ್ಟಿದ ಮನೆಗಳು, ಪ್ರತಿ ಮನೆಯ ಹಿಂದೆಯೂ ಒಂದು ಕಕ್ಕಸು ಗುಂಡಿ, ಬೀದಿಯ ನಡುವೆ ಎಲ್ಲರಿಗೂ ಒಂದೇ ಕೈಪಂಪು. ಅವಳ ಒಬ್ಬನೇ ತಮ್ಮ ಇದ್ದದ್ದು ಅದೇ ಬೀದಿಯಲ್ಲಿ. ಅವನ ಹೆಂಡತಿಗೆ ಆಗ ದಿನ ತುಂಬುತ್ತಾ ಬಂದಿತ್ತು.

ಹೇಳಿಬಿಡಬೇಕು ಎನ್ನಿಸದೆ ಇರಲಿಲ್ಲ. ಆದರೆ ವರದಿ ಅಚ್ಚಾಗುವ ಮೊದಲು ಒಂದು ಅಂಕಿಯೂ ಕಚೇರಿಯ ಹೊಸಿಲು ದಾಟಬಾರದೆಂಬ ನಿಯಮಕ್ಕೆ ಅವಳು ರುಜು ಹಾಕಿದ್ದಳು. ಇಪ್ಪತ್ತಾರು ವರ್ಷದಲ್ಲಿ ಮುರಿದಿರಲಿಲ್ಲ. ಮುರಿದವರನ್ನು ಕಂಡರೆ ಅವಳಿಗೆ ಆಗುತ್ತಲೂ ಇರಲಿಲ್ಲ. ಈ ನೀರು ದೊಡ್ಡವರನ್ನು ಅಷ್ಟಾಗಿ ಬಾಧಿಸುವುದಿಲ್ಲ, ಕೈಗೂಸಿಗೆ ಮಾತ್ರ ಕೆಟ್ಟದ್ದು, ಕೂಸಿಗಾದರೋ ತಾಯಿಯ ಹಾಲಿದೆ, ಅಷ್ಟರಲ್ಲಿ ವರದಿ ಬಂದು ಪಂಪಿಗೆ ಬೀಗ ಬೀಳುತ್ತದೆ ಎಂದು ಲೆಕ್ಕ ಹಾಕಿದಳು. ಗಂಡು ಕೂಸು ಹುಟ್ಟಿತು. ಆಸ್ಪತ್ರೆಗೆ ಹೋಗಿ ಸೋದರತ್ತೆಯ ಗತ್ತಿನಲ್ಲಿ ಎತ್ತಿ ಆಡಿಸಿ ಬಂದಳು. ಆಮೇಲೆ ಊರೂರು ಸುತ್ತುವ ಕೆಲಸ ಬಿದ್ದು ತಮ್ಮನ ಮನೆ ಕಡೆ ತಲೆ ಹಾಕಲಿಲ್ಲ. ಎರಡು ವಾರದಲ್ಲಿ ಬರಬೇಕಾದ ವರದಿ ಹದಿನಾಲ್ಕು ವಾರ ತೆಗೆದುಕೊಂಡಿತು.

ಅಚ್ಚಾದ ಪ್ರತಿಗಳ ಕಟ್ಟು ಬಂದ ಬೆಳಿಗ್ಗೆ ದಾರ ಬಿಚ್ಚಿದವಳು ಅವಳೇ. ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ "ಈ ಪ್ರದೇಶದ ಅಂತರ್ಜಲ ಕುಡಿಯಲು ಯೋಗ್ಯ" ಎಂದಿತ್ತು. ಬೆರಳಿಟ್ಟುಕೊಂಡು ಮೂವತ್ತೊಂದನೇ ಸಾಲಿಗೆ ಬಂದಳು. ಅಂಕಿಯ ಜಾಗದಲ್ಲಿ ಒಂದು ಗೆರೆ ಮಾತ್ರ ಇತ್ತು. ಪಕ್ಕದಲ್ಲಿ, "ಬಾಟಲಿ ಅಶುದ್ಧವಾಗಿದ್ದ ಕಾರಣ ಮಾದರಿಯನ್ನು ಕೈಬಿಡಲಾಗಿದೆ."

ಮೈಯೆಲ್ಲ ಉರಿದುಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ ಇರಬೇಕು. ನೆಲದೊಳಗೆ ಹೊಲಸು ಇಳಿದಿದ್ದರೆ ಬಾಟಲಿ ತೊಳೆದವಳ ಕೈಗೆ ಮಸಿ! ವರದಿಯನ್ನು ಕಂಕುಳಲ್ಲಿ ಅವುಚಿಕೊಂಡು ಸಾಹೇಬರ ಕೋಣೆಗೆ ನುಗ್ಗಿದಳು. ಒಳಗೆ ಬರಲೇ ಎಂದು ಕೇಳುವುದನ್ನೂ ಮರೆತಳು.

"ಸಾರ್, ನನ್ ಬಾಟ್ಲಿ ಹೇಗೆ ಅಶುದ್ಧ ಆಯ್ತು?"

ಸಾಹೇಬರು ಕೆಟ್ಟ ಮನುಷ್ಯರೇನಲ್ಲ, ಯಾರ ಮೇಲೂ ದನಿ ಎತ್ತಿದವರಲ್ಲ. ಕೇಡು ಮಾಡಲು ದನಿ ಎತ್ತಲೇಬೇಕೆಂದು ಎಲ್ಲಿದೆ?

"ಕೂತ್ಕೊಳ್ಳಮ್ಮ. ಅದು ಬರೀ ಬರೆಯೋ ರೀತಿ. ನಿನ್ನ ಹೆಸರೇನಾದ್ರೂ ಹಾಕಿದೀವಾ?"

"ಬಾಟ್ಲಿ ಅಂದ್ರೆ ನಾನೇ ಅಲ್ವಾ ಸಾರ್? ಐವತ್ತೆಂಟನೇ ಪುಟ ತೆಗೀರಿ."

ಅವರು ತೆಗೆಯಲಿಲ್ಲ. ಇವಳೇ ತೆಗೆದು ಮೇಜಿನ ಮೇಲೆ ಹರಡಿದಳು. ಪ್ರತಿ ಸುತ್ತಿನಲ್ಲೂ ಒಂದು ಸಾಕ್ಷಿ ಬಾಟಲಿ ಇರುತ್ತದೆ. ಅದರಲ್ಲಿ ಭಟ್ಟಿ ಇಳಿಸಿದ ನೀರು ಮಾತ್ರ. ಉಳಿದವುಗಳ ಜೊತೆಗೇ ತೊಳೆದು, ಅದೇ ಪೆಟ್ಟಿಗೆಯಲ್ಲಿ ಬಾವಿಗಳ ಹತ್ತಿರ ಒಯ್ದು, ಅಲ್ಲಿ ಮುಚ್ಚಳ ತೆಗೆದು ಮುಚ್ಚಿ ತರುತ್ತಾರೆ. ತೊಳೆಯುವುದರಲ್ಲೋ ತರುವುದರಲ್ಲೋ ಕೊಳೆ ಸೇರಿದ್ದರೆ ಅದು ಸಿಕ್ಕಿಬೀಳಬೇಕಾದದ್ದು ಈ ಬಾಟಲಿಯಲ್ಲಿ. ಆ ದಿನದ ಸಾಕ್ಷಿ ಬಾಟಲಿಯ ನೈಟ್ರೇಟ್ ಸೊನ್ನೆ. ಅವರದೇ ವರದಿಯಲ್ಲಿ, ಅವರದೇ ಸಹಿಯ ಕೆಳಗೆ ಅಚ್ಚಾಗಿತ್ತು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಸಾರ್?"

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಮ್ಮಾ, ಐವತ್ತೆಂಟನೇ ಪುಟ ಯಾರು ಓದ್ತಾರೆ? ಆ ಒಂದು ನಂಬರ್ ಹಾಕಿದ್ರೆ ಮೇಲಿನವರು ನೂರು ಪ್ರಶ್ನೆ ಕೇಳ್ತಾರೆ. ಮೂವತ್ತೊಂಬತ್ತು ಬಾವಿ ಚೆನ್ನಾಗಿದೆ. ಒಂದಕ್ಕೋಸ್ಕರ ಇಡೀ ವರದಿ ನಿಲ್ಲಿಸೋಕಾಗುತ್ತಾ? ಮುಂದಿನ ಸುತ್ತಲ್ಲಿ ಇನ್ನೊಂದ್ಸಲ ತರೋಣ."

"ಮುಂದಿನ ಸುತ್ತು ಆರು ತಿಂಗಳಿಗೆ. ಅಲ್ಲೀತನಕ ಆ ಬೀದಿಯವರು ಏನ್ ಕುಡೀಬೇಕು?"

"ಕುದಿಸಿ ಕುಡೀತಾರೆ ಬಿಡಮ್ಮ. ಪಂಪಿನ ಹತ್ರ ಹಾಗಂತ ಬೋರ್ಡ್ ಹಾಕಿದೀವಲ್ಲ" ಎಂದರು ಸಾಹೇಬರು. ಇಷ್ಟು ಓದಿದವರು!

ಕುದಿಸಿದರೆ ರೋಗದ ಕ್ರಿಮಿ ಸಾಯುತ್ತದೆ. ನೈಟ್ರೇಟ್ ಸಾಯಲು ಅದೇನು ಕ್ರಿಮಿಯೇ? ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಿನಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ಬಾಟಲಿ ತೊಳೆಯುವವಳಿಗೆ ಗೊತ್ತಿರುವ ಸಂಗತಿ ಕಚೇರಿಯ ಬೋರ್ಡಿಗೆ ಗೊತ್ತಿರಲಿಲ್ಲ. ಅರ್ಧ ದಿನದ ರಜೆ ಬರೆದು ಮೇಜಿನ ಮೇಲಿಟ್ಟು ಹೊರಬಿದ್ದಳು.

ಬಸ್ಸಿನಲ್ಲಿ ಕೂತರೂ ಸಿಟ್ಟು ಇಳಿಯಲಿಲ್ಲ. ನನ್ನ ಬಾಟಲಿಗೆ ಅಶುದ್ಧ ಅಂದರಲ್ಲ, ಹೀಗೆ ಹೇಳಬೇಕಿತ್ತು, ಹಾಗೆ ಹೇಳಬೇಕಿತ್ತು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಸಾಹೇಬರ ಜೊತೆ ಜಗಳ ಆಡಿದಳು. ತಮ್ಮನ ಬೀದಿಯ ಪಂಪು ಕಣ್ಣಿಗೆ ಬೀಳುವವರೆಗೆ ಅವಳ ತಲೆಯಲ್ಲಿ ಬಾಟಲಿಯಲ್ಲದೆ ಬೇರೇನೂ ಇರಲಿಲ್ಲ ಎಂಬುದನ್ನು ಮುಚ್ಚಿಡುವುದು ತಪ್ಪಾಗುತ್ತದೆ.

ಬಾಗಿಲು ತೆರೆದೇ ಇತ್ತು. ಒಲೆಯ ಮೇಲೆ ಪಾತ್ರೆ ಕೊತಕೊತ ಕುದಿಯುತ್ತಿತ್ತು. ಪಕ್ಕದಲ್ಲಿ ಹಾಲಿನ ಪುಡಿಯ ಡಬ್ಬಿ, ನಿಪ್ಪಲ್ ಹಾಕಿದ ಸಣ್ಣ ಬಾಟಲಿ.

"ನನ್ ಹಾಲು ಸಾಲ್ತಿಲ್ಲ ಅಕ್ಕ" ಎಂದು ತಮ್ಮನ ಹೆಂಡತಿ ತಪ್ಪು ಮಾಡಿದವಳಂತೆ ದನಿ ತಗ್ಗಿಸಿದಳು. "ಮೂರನೇ ವಾರದಿಂದ ಪುಡಿ ಹಾಲೇ. ಆದ್ರೆ ನೀರು ಚೆನ್ನಾಗಿ ಕುದಿಸ್ತೀನಿ, ಅರ್ಧಕ್ಕೆ ಇಳಿಯೋತನಕ. ನಿಮ್ ಆಫೀಸಿನವರೇ ಬೋರ್ಡ್ ಹಾಕಿದಾರಲ್ಲ."

ಬಾಟಲಕ್ಕ ತೊಟ್ಟಿಲಿನತ್ತ ಓಡಿದಳು. ಹತ್ತು ವಾರದ ಕೂಸು ಅಳದೆ ಮಲಗಿತ್ತು. ತುಟಿ, ಉಗುರು ನೇರಳೆ ಹಣ್ಣು ತಿಂದಂತೆ ನೀಲಿಗಟ್ಟಿದ್ದವು.

"ಎರಡು ದಿನದಿಂದ ಹೀಗೇ. ಚಳಿಗೆ ಇರ್ಬೇಕು ಅಲ್ವಾ?"

ಚಳಿಯಲ್ಲ ಎಂದು ಹೇಳುತ್ತಲೇ ಕೂಸನ್ನು ಎತ್ತಿಕೊಂಡು ಬೀದಿಗೆ ಇಳಿದಿದ್ದಳು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ತೆಗೆದ ರಕ್ತ ಕೆಂಪಗಿರದೆ ಕಂದು ಬಣ್ಣಕ್ಕೆ ತಿರುಗಿತ್ತು. ಡಾಕ್ಟರಮ್ಮ ಒಂದೇ ಪ್ರಶ್ನೆ ಕೇಳಿದರು, "ಯಾವ ನೀರು ಕೊಡ್ತಿದೀರಿ?" ಬಾಟಲಕ್ಕ ಬಾವಿಯ ನಂಬರು, ನೈಟ್ರೇಟಿನ ಅಂಕಿ ಎರಡನ್ನೂ ತಡವರಿಸದೆ ಹೇಳಿದಳು. ಕಾರಣ ಬೇಗ ತಿಳಿದದ್ದರಿಂದ ಮದ್ದೂ ಬೇಗ ಸಿಕ್ಕಿತು. ಎರಡು ಗಂಟೆಯೊಳಗೆ ತುಟಿಗೆ ಬಣ್ಣ ಮರಳಿತು, ಕೂಸು ಹಸಿವಿಗೆ ಕಿರುಚತೊಡಗಿತು. ಅಷ್ಟು ಒಳ್ಳೆಯ ಅಳುವನ್ನು ತಾನು ಯಾವತ್ತೂ ಕೇಳಿರಲಿಲ್ಲ ಎನ್ನಿಸಿತು ಅವಳಿಗೆ.

ಡಾಕ್ಟರಮ್ಮ ಹೋದ ಮೇಲೆ ವಾರ್ಡಿನ ಬೆಂಚಿನ ಮೇಲೆ ಇಬ್ಬರೇ ಉಳಿದರು. ಬಾಟಲಕ್ಕ ಸಾಹೇಬರನ್ನು ಬಯ್ಯಲು ಶುರು ಮಾಡಿದಳು. ಗೆರೆ ಎಳೆದದ್ದು, ಬಾಟಲಿಯ ಮೇಲೆ ಹಾಕಿದ್ದು, ಐವತ್ತೆಂಟನೇ ಪುಟ, ಬೋರ್ಡು, ಒಂದೊಂದಾಗಿ ಎಲ್ಲ ಹೇಳಿದಳು. "ನಾಚಿಕೆಗೆಟ್ಟವರು! ಗೊತ್ತಿದ್ದೂ ಬಾಯಿ ಮುಚ್ಕೊಂಡು ಕೂತ್ರಲ್ಲ!"

ತಮ್ಮನ ಹೆಂಡತಿ ಕೂಸಿನ ಕಾಲು ಸವರುತ್ತಾ ಎಲ್ಲ ಕೇಳಿಸಿಕೊಂಡಳು. ಆಮೇಲೆ ತಲೆ ಎತ್ತಿದಳು.

"ಅಕ್ಕ, ನೂರನಲವತ್ತು ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ಇವತ್ತು ಬೆಳಿಗ್ಗೆ ಎನ್ನಬಹುದಿತ್ತು. ವರದಿ ಬಂದದ್ದೇ ಇವತ್ತು ಬೆಳಿಗ್ಗೆ, ಯಾರೂ ಇಲ್ಲವೆನ್ನುತ್ತಿರಲಿಲ್ಲ. ಆದರೆ ಗೆರೆ ಎಳೆದು ಅಂಕಿ ಮುಚ್ಚುವವರನ್ನು ಈಗಷ್ಟೇ ಬಾಯಿ ತುಂಬ ಬಯ್ದಿದ್ದಳು.

"ಹದಿನಾಲ್ಕು ವಾರ ಆಯ್ತು. ಪಾಪು ಹುಟ್ಟೋಕ್ಕಿಂತ ಮೊದ್ಲೇ."

ತಮ್ಮನ ಹೆಂಡತಿ ಕೂಸನ್ನು ಎತ್ತಿಕೊಂಡು ಬೆಂಚಿನ ಆ ತುದಿಗೆ ಹೋಗಿ ಕೂತಳು.

ಬಾಟಲಕ್ಕ ಕಚೇರಿಗೂ ಹೋಗಲಿಲ್ಲ, ಮನೆಗೂ ಹೋಗಲಿಲ್ಲ. ಹಿಂದಕ್ಕೆ ಅದೇ ಬೀದಿಗೆ ಬಂದು ಮೊದಲ ಮನೆಯ ಬಾಗಿಲು ತಟ್ಟಿದಳು. ಸೊಂಟದ ಮೇಲೆ ಕೂಸನ್ನು ಕೂರಿಸಿಕೊಂಡ ಹೆಂಗಸೊಬ್ಬಳು ಬಾಗಿಲು ತೆಗೆದಳು. ಕೆಲಸ ಹೋದರೆ ಹೋಗಲಿ, ಅದರ ಚಿಂತೆ ಅವಳಿಗಿರಲಿಲ್ಲ.

"ಈ ಪಂಪಿನ ನೀರು ಕೂಸಿಗೆ ಕೊಡ್ಬೇಡಮ್ಮ, ಕುದಿಸಿನೂ ಕೊಡ್ಬೇಡ. ಇದನ್ನ ನಾನು ಹದಿನಾಲ್ಕು ವಾರದ ಹಿಂದೆನೇ ಬಂದು ಹೇಳ್ಬೇಕಿತ್ತು."