ಟ್ಯಾಂಕ್ ಮುನಿಯಲ್ಲಪ್ಪನ ಅಳಿಯ

ಮಾಲೂರಿನ ಒಂದು ಕಾರ್ಖಾನೆಯಲ್ಲಿ ತುಕ್ಕು ಹಿಡಿದ ಬಿಡಿಭಾಗಗಳನ್ನು ಹುಡುಕಿ ಆಚೆ ಹಾಕುವುದು ಕದಿರೇಶನ ಕೆಲಸ. ಮನೆಗೆ ಬಂದರೆ ತುಕ್ಕು ಹಿಡಿಸುವುದೇ ಅವನ ಕಸುಬು. ಅಂಗೈಗಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ಯುದ್ಧಟ್ಯಾಂಕುಗಳನ್ನು ಜೋಡಿಸಿ, ಬಣ್ಣ ಬಳಿದು, ಆಮೇಲೆ ಆ ಬಣ್ಣವನ್ನು ತಾನೇ ಕೆಡಿಸಿ, ಮಣ್ಣು ಮೆತ್ತಿ, ಈಗಷ್ಟೇ ರಣರಂಗದಿಂದ ಬಂದಂತೆ ಕಾಣುವ ಹಾಗೆ ಮಾಡುವ ಹುಚ್ಚು ಅವನಿಗೆ. ಮನೆಯ ಗೇಟು ನಿಜವಾಗಿಯೇ ತುಕ್ಕು ಹಿಡಿದು ಉದುರುತ್ತಿದ್ದರೂ ಬಣ್ಣ ಹೊಡೆಸಲು ಬಿಡುತ್ತಿರಲಿಲ್ಲ. "ನೋಡ್ಕೊಂಡು ಮಾಡೋಕೆ ಬೇಕು ಕಣೇ" ಎನ್ನುತ್ತಿದ್ದ. ಸೀರೆ ಸಿಕ್ಕಿ ಹರಿದಾಗಲೆಲ್ಲ ಹೆಂಡತಿ ಸುನಂದ ಗೇಟಿಗೂ ಗಂಡನಿಗೂ ಒಟ್ಟಿಗೆ ಮಂಗಳಾರತಿ ಎತ್ತುತ್ತಿದ್ದಳು.

ಇಡೀ ಕೋಲಾರ ಜಿಲ್ಲೆಯಲ್ಲಿ ಟ್ಯಾಂಕಿನ ವಿಷಯ ಬಲ್ಲವನು ತಾನೊಬ್ಬನೇ ಎಂದು ಅವನ ನಂಬಿಕೆ. ಅಂತರ್ಜಾಲದಲ್ಲಿ ಯಾವುದೋ ದೇಶದವರು ಹಾಕಿದ ಚಿತ್ರದ ಕೆಳಗೆ "ಇಲ್ಲಿ ಎಂಟು ಬೋಲ್ಟು ಇರಬೇಕು, ಏಳೇ ಇವೆ" ಎಂದು ಬರೆದು, ಅವರು ತಪ್ಪೊಪ್ಪಿಕೊಂಡ ದಿನ ಒಂದು ಮುದ್ದೆ ಹೆಚ್ಚಿಗೆ ಉಣ್ಣುತ್ತಿದ್ದ.

ಎಪ್ಪತ್ತೊಂದರ ಪಾಕಿಸ್ತಾನ ಯುದ್ಧದಲ್ಲಿ ಶಕರ್‌ಗಢದ ಕಡೆ ಕಾದಾಡಿದ ಸೆಂಚುರಿಯನ್ ಟ್ಯಾಂಕನ್ನು ಅವನು ಎರಡು ವರ್ಷ ಕೂತು ಮಾಡಿದ. ಬೆಂಗಳೂರಿನ ಪ್ರದರ್ಶನದಲ್ಲಿ ಬಹುಮಾನ ಹೊಡೆಯಬೇಕೆಂದು ಆಸೆ. ಮುಗಿದ ದಿನ ಸುನಂದ ಅದನ್ನು ನೋಡಿ, "ನಮ್ ಟೇಕಲ್ ದೊಡ್ಡಪ್ಪ ಇಂಥದ್ದೇ ಅಲ್ವಾ ಓಡಿಸ್ತಿದ್ದಿದ್ದು?" ಎಂದಳು.

ಆ ದೊಡ್ಡಪ್ಪನನ್ನು ನೆಂಟರೆಲ್ಲ 'ಟ್ಯಾಂಕ್ ಮುನಿಯಲ್ಲಪ್ಪ' ಎನ್ನುತ್ತಿದ್ದರು. ಬೇಸಿಗೆ ಬಂದರೆ ಊರೂರಿಗೂ ನೀರು ಹೊತ್ತು ತರಬೇಕಾದ ಸೀಮೆ. ಅವರು ನೀರಿನ ಟ್ಯಾಂಕರ್ ಓಡಿಸಿದವರೆಂದೇ ಕದಿರೇಶ ಮದುವೆಯಾದ ಹದಿನೆಂಟು ವರ್ಷದಿಂದ ತಿಳಿದಿದ್ದ. ಒಂದು ಮದುವೆಯಲ್ಲಿ ಪಕ್ಕದಲ್ಲಿ ಕೂತು, "ದಿನಕ್ಕೆಷ್ಟು ಲೋಡು ಹೊಡೀತಿದ್ರಿ ಮಾವ?" ಎಂದು ಕೇಳಿಯೂ ಇದ್ದ. "ಯುದ್ಧ ಇದ್ದಾಗ ಜಾಸ್ತಿ" ಎಂದು ಅವರು ಹೇಳಿದ್ದನ್ನು ತಮಾಷೆ ಎಂದುಕೊಂಡು ನಕ್ಕಿದ್ದ.

"ಇಷ್ಟು ದಿನ ಯಾಕೇ ಹೇಳ್ಲಿಲ್ಲ?"

"ನೀವು ಹೇಳೋದು ನಿಲ್ಲಿಸಿದ್ರೆ ತಾನೇ ನಾನು ಹೇಳೋದು?"

ಭಾನುವಾರ ಟ್ಯಾಂಕನ್ನು ರಟ್ಟಿನ ಡಬ್ಬಿಯಲ್ಲಿಟ್ಟು, ತೊಡೆಯ ಮೇಲೆ ಕೂಸಿನಂತೆ ಹಿಡಿದುಕೊಂಡು, ರೈಲಿನಲ್ಲಿ ಟೇಕಲ್ಲಿಗೆ ಹೋದ. ಮುನಿಯಲ್ಲಪ್ಪನವರು ಜಗಲಿಯ ಮೇಲೆ ಕೂತು ಕನ್ನಡಕ ಏರಿಸಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಹೊಗಳಿಕೆ ಬರುತ್ತದೆಂದು ಕದಿರೇಶ ತಲೆ ಬಾಗಿಸಿಕೊಂಡೇ ನಿಂತಿದ್ದ.

"ಯಾವನ್ಲಾ ಇದರ ಡ್ರೈವರು? ಸೋಮಾರಿ ನನ್ಮಗ" ಎಂದರು ಅವರು. "ಇಷ್ಟು ತುಕ್ಕು ಬಿಟ್ಟಿದ್ರೆ ನಮ್ ಪಡೆ ದಫೇದಾರ್ರು ಚರ್ಮ ಸುಲೀತಿದ್ರು. ಚೈನು ಯಾಕೆ ಕೆಂಪಗಿದೆ? ಓಡೋ ಗಾಡಿ ಚೈನು ಬೆಳ್ಳಿ ಥರ ಮಿನುಗುತ್ತೆ. ಈ ಕೆಂಪು ಮಣ್ಣು ಎಲ್ಲಿಂದ ಬಂತು ಅಳಿಯಂದ್ರೇ?"

ಮಾಲೂರಿನ ಇಟ್ಟಿಗೆ ಗೂಡಿನಿಂದ ತಂದು ಜರಡಿ ಹಿಡಿದ ಮಣ್ಣು ಅದು. "ಅಲ್ಲಿ ಮಣ್ಣು ನೆಂದ ಬೂದಿ ಥರ ಇತ್ತು" ಎಂದರು ಮುನಿಯಲ್ಲಪ್ಪ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಕದಿರೇಶ ಮೊಬೈಲ್ ತೆಗೆದು, "ಇಲ್ಲ ಮಾವ, ನಿಮಗೆ ಮರೆತಿರಬೇಕು, ಫೋಟೋದಲ್ಲಿ ನೋಡಿ..." ಎಂದ.

"ಓಹೋ! ಹಂಗಾದ್ರೆ ನೀವೂ ಅಲ್ಲೇ ಇದ್ರಿ. ಹೊಗೇಲಿ ನಾನು ಗುರುತು ಹಿಡೀಲಿಲ್ಲ."

ಮುದುಕರು ಬಕೆಟ್ಟು, ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷು ತರಿಸಿ ಟ್ಯಾಂಕನ್ನು ಉಜ್ಜತೊಡಗಿದರು. ಹೊಳಪು ಬಂದೀತೆಂದು ಕದಿರೇಶ ಮೇಲೆ ವಾರ್ನಿಷ್ ಹಚ್ಚಿರಲಿಲ್ಲ. ಎರಡು ವರ್ಷದ ತುಕ್ಕು ಹತ್ತು ನಿಮಿಷದಲ್ಲಿ ಬಕೆಟ್ಟಿಗಿಳಿಯಿತು. ತಡೆಯಲು ಕೈ ಚಾಚಿದ ಕದಿರೇಶ ಆಮೇಲೆ ನೋಡಿದ. ಮುದುಕರ ಬೆರಳುಗಳು ಎಲ್ಲೂ ತಡವರಿಸುತ್ತಿರಲಿಲ್ಲ. ಯಾವ ಸಂದಿಯಲ್ಲಿ ಮಣ್ಣು ಕೂರುತ್ತದೆಂದು ಅವುಗಳಿಗೆ ಗೊತ್ತಿತ್ತು. ಅವನೇ ಚೊಂಬಿನಲ್ಲಿ ನೀರು ಹೊಯ್ಯತೊಡಗಿದ.

ಚೈನಿನ ಮೇಲಿನ ತಗಡಿನ ಅಂಚಿನಲ್ಲಿ ಮುನಿಯಲ್ಲಪ್ಪನವರು ಉಗುರಿನಿಂದ ಬಣ್ಣ ಕೆರೆದರು. "ಇಲ್ಲಿ ಕಾಲಿಟ್ಟು ಹತ್ತುತ್ತಿದ್ವಿ. ನಾಲ್ಕು ಜನದ ಬೂಟು ಬಿದ್ದು ಬಿದ್ದು ಕಬ್ಬಿಣ ಕಾಣ್ತಿತ್ತು. ನಮ್ ಗನ್ನರ್ ಪಂಜಾಬಿನೋನು, ದಿನಾ ಇಲ್ಲೇ ಎಡವೋನು, ನಾವು ದಿನಾ ನಗೋವ್ರು." ಬ್ರಷ್ಷು ನಿಂತಿತು. "ಹದಿನಾರನೇ ತಾರೀಕು ಎಡವದೇ ಹತ್ತಿದ. ಇಳೀಲಿಲ್ಲ."

ಕದಿರೇಶ ಆ ಅಂಚಿಗೆ ಮತ್ತೆ ಬಣ್ಣ ಬಳಿಯಲಿಲ್ಲ.

ಪ್ರದರ್ಶನದಲ್ಲಿ ತೀರ್ಪುಗಾರರು ಟ್ಯಾಂಕನ್ನು ಬಗ್ಗಿ ನೋಡಿ, "ಯುದ್ಧ ಕಂಡ ಗಾಡಿ ಥರ ಇಲ್ಲ. ಇಲ್ಲಿ ಮಾತ್ರ ಬಣ್ಣ ಕಿತ್ತಿದೆ, ತರುವಾಗ ತಗುಲಿರಬೇಕು" ಎಂದರು. ಹಿಂದಿನ ತಿಂಗಳಾಗಿದ್ದರೆ ಕದಿರೇಶನೂ ಇದೇ ಮಾತು, ಇದೇ ಧ್ವನಿಯಲ್ಲಿ ಹೇಳುತ್ತಿದ್ದ. ಅಲ್ಲಿ ಯಾರು ಕಾಲಿಡುತ್ತಿದ್ದರೆಂದು ಅವರಿಗೆ ವಿವರಿಸಿದ. ಅವರು ತಲೆದೂಗಿದರು, ಬಹುಮಾನ ಬೇರೆಯವರಿಗೆ ಹೋಯಿತು.

ಈಗ ಅವನು ಭಾನುವಾರವೆಲ್ಲ ಟೇಕಲ್ಲಿನಲ್ಲೇ ಇರುತ್ತಾನೆ. ಮುನಿಯಲ್ಲಪ್ಪನವರು ಹೇಳುತ್ತಾರೆ, ಇವನು ಬರೆದುಕೊಳ್ಳುತ್ತಾನೆ. ನಡುವೆ ಬಾಯಿ ಹಾಕಬಾರದೆಂದು ಪ್ರತಿ ವಾರ ಆಣೆ ಮಾಡಿಕೊಂಡೇ ರೈಲು ಹತ್ತುತ್ತಾನೆ, ಆದರೂ ಹಾಕುತ್ತಾನೆ. ಆಗ ಮುದುಕರು ಮಾತು ನಿಲ್ಲಿಸಿ, ಅವನು ಹೇಳುವಷ್ಟು ಹೇಳಲಿ ಎಂದು ಕಾದು, "ಮುಗೀತಾ ಅಳಿಯಂದ್ರೇ?" ಎಂದು ಕೇಳಿ ಮುಂದುವರಿಸುತ್ತಾರೆ.